ರೇ ಜಾನ್ಸನ್ ಅಂಚೆಗೆ ಹಾಕಿದ ಚಿತ್ರ ಕೊನೆಗೆ ಯಾರದ್ದು?

ಪ್ರಶ್ನೆ:
ಮೊಲದ ತಲೆ ಬರೆದಿರುವ ಒಂದು ಹಾಳೆಯ ಫೋಟೊ ನೋಡಿದೆ. 'ಇದಕ್ಕೆ ಏನಾದರೂ ಸೇರಿಸಿ ರೇ ಜಾನ್ಸನ್‌ಗೆ ವಾಪಸ್ ಕಳಿಸಿ' ಅಂತ ಅದರಲ್ಲೇ ಬರೆದಿತ್ತು. ಅವರು ಅಮೆರಿಕದ ಕೊಲಾಜ್ (ಕಾಗದ, ಚಿತ್ರಗಳನ್ನು ಕತ್ತರಿಸಿ ಅಂಟಿಸುವ ಕಲೆ) ಕಲಾವಿದರಂತೆ. ಹೀಗೆ ಅಂಚೆಯಲ್ಲಿ ಹಂಚಿಬಿಟ್ಟರೆ ಅದು ಯಾರ ಚಿತ್ರ? ಬಲ್ಲವರು ಹೇಳಿ.

ಉತ್ತರ 1:
ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಜಾನ್ಸನ್ ಅಂದರೆ ನನಗೆ ತುಂಬಾ ಇಷ್ಟ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅವರು ಹುಟ್ಟಿದ್ದು 1927ರಲ್ಲಿ, ಡೆಟ್ರಾಯಿಟ್‌ನಲ್ಲಿ. ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಕಲಾವಿದ ಜೋಸೆಫ್ ಆಲ್ಬರ್ಸ್ ಹತ್ತಿರ ಕಲಿತು ನ್ಯೂಯಾರ್ಕ್ ಸೇರಿದರು. ಪಾಪ್ ಕಲಾವಿದ ಆಂಡಿ ವಾರ್ಹಾಲ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಚಿತ್ರಗಳನ್ನು ಮಾಡುವುದಕ್ಕೆ ವರ್ಷಗಳ ಮೊದಲೇ, 1950ರ ದಶಕದಲ್ಲಿ, ಇವರು ಎಲ್ವಿಸ್ ಫೋಟೊದ ಕಣ್ಣಿಂದ ಕೆಂಪು ಬಣ್ಣ ಇಳಿಸಿ ಕೊಲಾಜ್ ಮಾಡಿದ್ದರು. ತಮ್ಮ ಪುಟ್ಟ ಕೊಲಾಜ್‌ಗಳಿಗೆ 'ಮೋಟಿಕೋಸ್' ಅಂತ ಹೆಸರಿಟ್ಟಿದ್ದರು. ಹಳೆಯವನ್ನೇ ಕತ್ತರಿಸಿ ಹೊಸದಕ್ಕೆ ಅಂಟಿಸುತ್ತಿದ್ದರು. ಮುಗಿಯಿತು ಅಂತ ಬದಿಗಿಡುವ ಮಾತೇ ಇಲ್ಲ.

ಅಂಚೆಯೂ ಹಾಗೇ. ಹಾಳೆ ನಿಮಗೆ ಬರುತ್ತೆ, 'ಇಂಥವರಿಗೆ ಕಳಿಸಿ' ಅಂತ ಇನ್ನೊಬ್ಬರ ಹೆಸರಿರುತ್ತೆ. ಅವರ ಪರಿಚಯ ನಿಮಗಿಲ್ಲದಿದ್ದರೂ ಈಗ ಆಯ್ತಲ್ವಾ? ಆ ಪರಿಚಯವೂ ಚಿತ್ರದ ಒಂದು ಭಾಗ ಅಂತ ನನ್ನ ನಂಬಿಕೆ. ಹೀಗೆ ಹಾಳೆ ಕಳಿಸಿಕೊಳ್ಳುವವರ ಬಳಗಕ್ಕೆ ಜಾನ್ಸನ್ ಇಟ್ಟ ಹೆಸರು 'ನ್ಯೂಯಾರ್ಕ್ ಕರೆಸ್ಪಾಂಡಾನ್ಸ್ ಸ್ಕೂಲ್'. ಪತ್ರ ವ್ಯವಹಾರದ ಪದಕ್ಕೆ ಬೇಕಂತಲೇ 'ಡಾನ್ಸ್' ಸೇರಿಸಿದ್ದರು.

ಉತ್ತರ 2:
ಮೇಷ್ಟ್ರೇ, ಹಾಗಾದರೆ ಗ್ಯಾಲರಿ ಕಡೆ ಹೋಗಲೇ ಇಲ್ಲವಾ?

ಉತ್ತರ 1:
ಹೋದರು. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ಆಯ್ತು. ಅಲ್ಲೂ ಗೋಡೆ ತುಂಬಿದ್ದು ಬಳಗದವರು ಅಂಚೆಯಲ್ಲಿ ಕಳಿಸಿದ ಹಾಳೆಗಳೇ. ಅದಕ್ಕೆ ಎರಡು ವರ್ಷ ಮೊದಲು, ವಾರ್ಹಾಲ್‌ಗೆ ಗುಂಡು ಬಿದ್ದ ದಿನವೇ, ಇವರನ್ನು ಚಾಕು ತೋರಿಸಿ ದೋಚಿದ್ದರು. ಅದಾದ ಮೇಲೆ ನ್ಯೂಯಾರ್ಕ್ ಬಿಟ್ಟು ಲಾಂಗ್ ಐಲ್ಯಾಂಡ್‌ಗೆ ಹೋದರು. ಅಲ್ಲಿಂದಲೂ ಅಂಚೆ ನಿಲ್ಲಲಿಲ್ಲ. 1995ರ ಜನವರಿಯಲ್ಲಿ ತೀರಿಕೊಂಡಾಗ, ಮನೆಯೊಳಗೆ ಕೊಲಾಜ್‌ಗಳು ಪೆಟ್ಟಿಗೆಗಳಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದವು.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ನೀವೂ ಹೀಗೆ ಕಳಿಸಿದ್ದೀರಾ?

ಉತ್ತರ 1:
ಹೋದ ವರ್ಷ ಧಾರವಾಡದ ಗೆಳೆಯನಿಗೆ ಅರ್ಧ ಬರೆದ ಕಾಗೆ ಕಳಿಸಿದ್ದೆ. ಮೂರು ವಾರದ ಮೇಲೆ ವಾಪಸ್ ಬಂತು. ರೆಕ್ಕೆ ಇರಬೇಕಾದ ಕಡೆ ಬಸ್ ಟಿಕೆಟ್ ಅಂಟಿಸಿದ್ದ. ಗೋಂದು ಜಾಸ್ತಿಯಾಗಿ ಒಂದು ಮೂಲೆ ಸುಕ್ಕಾಗಿತ್ತು. ಬಾಲ ಇನ್ನೂ ಬರೆದಿಲ್ಲ. ಅದನ್ನು ನಿಮಗೇ ಕಳಿಸುತ್ತೇನೆ, ವಿಳಾಸ ಮೆಸೇಜ್ ಮಾಡಿ.