ಪದಚರ್ಚೆ: ಕಚ್ಚು ಹಾಕಿ ವರ್ಷ ಎಣಿಸುವ ಕೋಲಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅರಿಜೋನಾದ ಫೀನಿಕ್ಸ್ ಪಕ್ಕದಲ್ಲಿರುವ ಸಾಲ್ಟ್ ರಿವರ್ ಪಿಮಾ-ಮಾರಿಕೋಪಾ ಸಮುದಾಯದ ಚರಿತ್ರೆಯ ಬಗ್ಗೆ ಇಲ್ಲಿನ ಕನ್ನಡಿಗರ ಸ್ಮರಣ ಸಂಚಿಕೆಗೆ ಲೇಖನ ಸಿದ್ಧಪಡಿಸುತ್ತಿದ್ದೇನೆ. ಶುಕ್ರವಾರ ಪುಟಗಳು ಅಚ್ಚಿಗೆ ಹೋಗುತ್ತವೆ, ಒಂದು ಪದ ಮಾತ್ರ ಸಿಕ್ಕಿಲ್ಲ.

ತಮ್ಮನ್ನು ‘ಅಕಿಮೆಲ್ ಓಓಧಮ್’, ಅಂದರೆ ಹೊಳೆಯ ಜನ, ಎಂದು ಕರೆದುಕೊಳ್ಳುವ ಪಿಮಾ ಜನರಲ್ಲಿ ಕೆಲವು ಹಿರಿಯರು ಕೋಲಿನ ಮೇಲೆ ವರ್ಷಕ್ಕೊಂದು ಕಚ್ಚು ಹಾಕಿ, ಆ ವರ್ಷ ನಡೆದದ್ದರ ನೆನಪಿಗೆ ಚುಕ್ಕೆಯನ್ನೋ ಗೀರನ್ನೋ ಸೇರಿಸುತ್ತಿದ್ದರು. ಅವರ ಬಾಯಿಂದ ಕೇಳಿ ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಕ್ ರಸೆಲ್ ಬರೆದುಕೊಂಡು, 1908ರಲ್ಲಿ ಅಚ್ಚಾದ ನಿರೂಪಣೆ 1833ರ ನವೆಂಬರಿನ ಉಲ್ಕಾಪಾತದಿಂದ ಆರಂಭವಾಗುತ್ತದೆ. ಕೋಲನ್ನು ಇಟ್ಟುಕೊಂಡವರು ಬಾಯಿಬಿಟ್ಟು ಹೇಳದಿದ್ದರೆ ಆ ಗುರುತುಗಳು ಬೇರೆಯವರಿಗೆ ಅರ್ಥವಾಗುವುದಿಲ್ಲ.

ಇಂಗ್ಲಿಷಿನಲ್ಲಿ ‘ಕ್ಯಾಲೆಂಡರ್ ಸ್ಟಿಕ್’ ಎನ್ನುವ ಈ ಕೋಲನ್ನು ‘ಕಾಲದಂಡ’ ಎಂದರೆ ಯಮನ ಕೈಯ ಆಯುಧವಾಗುತ್ತದೆ. ‘ಪಂಚಾಂಗ’ ಬರಲಿರುವ ದಿನಗಳನ್ನು ಹೇಳುತ್ತದೆಯೇ ಹೊರತು ಕಳೆದದ್ದನ್ನಲ್ಲ. ‘ವರ್ಷಗೋಲು’ ಆಗಬಹುದೇ?

ಉತ್ತರ:

ಆಗದು. ‘ವರ್ಷ’ ಸಂಸ್ಕೃತ, ‘ಕೋಲು’ ಕನ್ನಡ. ಎರಡನ್ನೂ ಬೆಸೆದರೆ ಅದು ಶುದ್ಧ ಅರಿಸಮಾಸ, ಅಂದರೆ ಸಲ್ಲದ ಜೋಡಣೆ. ‘ವರ್ಷ’ಕ್ಕೆ ‘ಬರಿಸ’ ಎಂಬ ತದ್ಭವವಿರುವಾಗ ‘ಬರಿಸಗೋಲು’ ಎನ್ನಲು ಸಂಕೋಚವೇಕೆ? ಇನ್ನು, ಕಳೆದ ಪತ್ರದಲ್ಲಿ ತಾವು ಈ ಕೋಲನ್ನು ‘ದಾಖಲೆ’ ಎಂದಿದ್ದಿರಿ. ಅದು ಅರಬ್ಬಿಯಿಂದ ಬಂದ ಮಾತು. ‘ಕಡತ’ ಎಂಬ ನಮ್ಮದೇ ಪದವನ್ನು ಮೂಲೆಗೆ ತಳ್ಳಿ ಕಚೇರಿಯ ಎರವಲು ಮಾತನ್ನು ತಲೆಯ ಮೇಲೆ ಹೊತ್ತುಕೊಂಡದ್ದರಿಂದಲೇ ಇಂದು ಪ್ರತಿಯೊಂದು ಪದಕ್ಕೂ ಪರದಾಡುತ್ತಿದ್ದೇವೆ.

ಮರು ಉತ್ತರ:

ಮಾನ್ಯರೇ, ‘ಬರಿಸಗೋಲು’ ವ್ಯಾಕರಣಕ್ಕೆ ಒಪ್ಪುತ್ತದೆ. ಆದರೆ ಹಳಗನ್ನಡ ಓದದವರು ಅದನ್ನು ‘ಬರಿಸು’ ಎಂಬ ಕ್ರಿಯಾಪದಕ್ಕೆ ಜೋಡಿಸಿಕೊಂಡು ಏನನ್ನೋ ಬರಮಾಡುವ ಕೋಲೆಂದು ತಿಳಿದಾರು. ಅರಿಸಮಾಸವನ್ನು ದೋಷವೆಂದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದುಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟಿದ್ದಾನೆ. ‘ದಿನಗೂಲಿ’ಯೂ ಅರಿಸಮಾಸವೇ ಅಲ್ಲವೇ? ಅದನ್ನು ದಿನವೂ ಆಡುತ್ತ ‘ವರ್ಷಗೋಲು’ ಆಗದು ಎಂದರೆ ನಾನು ಒಪ್ಪಲಾರೆ.

‘ಕಡತ’ದ ಸೂಚನೆ ಈ ವಸ್ತುವಿಗೆ ಹೊಂದುವುದೇ ಇಲ್ಲ. ಕಡತವೆಂದರೆ ಇದ್ದಿಲನ್ನೂ ಹುಣಸೆಬೀಜದ ಅಂಟನ್ನೂ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಬಟ್ಟೆ. ಅಕ್ಷರ ಬಲ್ಲ ಯಾರೂ ಅದನ್ನು ಓದಬಹುದು. ಈ ಕೋಲು ಹಾಗಲ್ಲ. 1857ರಲ್ಲಿ ಪಿಮಾಗಳೂ ಅವರ ನೆರೆಯ ಮಾರಿಕೋಪಾ ಬುಡಕಟ್ಟಿನವರೂ ಒಟ್ಟಾಗಿ ನಿಂತು ಯೂಮಾ ಬುಡಕಟ್ಟಿನ ದಾಳಿಕಾರರನ್ನು ಸೋಲಿಸಿದ ಕಾಳಗ ಕೋಲಿನ ಮೇಲೆ ಕೆಲವೇ ಗುರುತುಗಳಷ್ಟು. ಉಳಿದದ್ದೆಲ್ಲ ಹೇಳುವವರ ನೆನಪಿನಲ್ಲಿತ್ತು. ಹಾಗಿದ್ದರೂ ಅದು ದಾಖಲೆಯೇ ಎಂಬುದನ್ನು ಓದುಗರಿಗೆ ಮನಗಾಣಿಸುವುದೇ ನನ್ನ ಲೇಖನದ ಉದ್ದೇಶವಾದ್ದರಿಂದ, ಎಲ್ಲರ ಬಾಯಲ್ಲಿರುವ ಆ ಪದವನ್ನು ಅದರ ಮೂಲ ನೋಡಿ ಕೈಬಿಡುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ ಇದೆ. ಕರಡು ತಿದ್ದಿದವರೊಬ್ಬರು, 1879ರಲ್ಲಿ ಅಮೆರಿಕದ ಅಧ್ಯಕ್ಷ ಹೇಯ್ಸ್ ಆದೇಶದಿಂದ ಗೊತ್ತುಮಾಡಿದ ಈ ಜನರ ನೆಲವನ್ನು, ಇಂಗ್ಲಿಷಿನಲ್ಲಿ ಅದಕ್ಕೆ ‘ರಿಸರ್ವೇಶನ್’ ಎನ್ನುವುದರಿಂದ, ‘ಮೀಸಲಾತಿ’ ಎಂದು ಬದಲಿಸಿದ್ದರು. ಅದು ಅಪ್ಪಟ ಕನ್ನಡವೋ ಎರವಲೋ ಎಂಬುದು ಅಲ್ಲಿ ಮುಖ್ಯವಲ್ಲ; ಉದ್ಯೋಗದ ಪಾಲು ಬೇರೆ, ಹೊಳೆಯ ದಂಡೆಯ ನೆಲ ಬೇರೆ. ಅದನ್ನು ‘ಮೀಸಲು ಪ್ರದೇಶ’ ಎಂದು ತಿದ್ದಿದ್ದೇನೆ. ಕೋಲಿಗೆ ‘ವರ್ಷಗೋಲು’ ಎಂದೇ ಬರೆದು, ಮೊದಲ ಸಲ ಬರುವಲ್ಲಿ ಒಂದು ಸಾಲಿನ ವಿವರಣೆ ಕೊಟ್ಟು, ಗುರುವಾರ ರಾತ್ರಿ ಪುಟಗಳನ್ನು ಕಳುಹಿಸುತ್ತೇನೆ.