ಘಾಟಿಯಲ್ಲಿ ಫೋನ್: ಬ್ಲೂಟೂತ್ ಆದ್ರೆ ಪರವಾಗಿಲ್ವಾ, ಪೂರ್ತಿ ಬಂದ್ ಮಾಡ್ಬೇಕಾ?

ತುಂಗೆದಡ (ಪ್ರಶ್ನೆ)

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ ಬಾಡಿಗೆ ಹೋಗುವ ಟ್ಯಾಕ್ಸಿ ಮತ್ತು ಪಿಕಪ್‌ನವರ ಸಂಘಕ್ಕೆ ಒಂದು ಪುಟದ ನಿಯಮ ಬರೀಬೇಕಾಗಿದೆ. ಫೋನಿನ ವಿಷಯಕ್ಕೆ ಬಂದಾಗ ಸಭೆ ಎರಡು ಭಾಗ ಆಯ್ತು. ಕೈಯಲ್ಲಿ ಹಿಡಿದು ಮಾತಾಡಬಾರದು, ಬ್ಲೂಟೂತ್ ಆದ್ರೆ ಆಗಬಹುದು ಅಂತ ಒಂದು ಕಡೆಯವರು. ವಾಹನ ಓಡ್ತಿರುವಾಗ ಮಾತೇ ಬೇಡ ಅಂತ ಇನ್ನೊಂದು ಕಡೆ.

ಗೊತ್ತಿರುವವರು ಮೂರು ವಿಷಯ ಹೇಳಿ. ಕಾನೂನು ನಿಜವಾಗಿ ಯಾವುದನ್ನು ನಿಷೇಧಿಸಿದೆ? ಬ್ಲೂಟೂತ್‌ನಿಂದ ಅಪಾಯ ಕಡಿಮೆ ಆಗುತ್ತಾ? ಮ್ಯಾಪ್ ಹಾಕಿಕೊಳ್ಳುವವರಿಗೆ ಏನಂತ ಬರೆಯೋದು? ಉಪದೇಶ ಬೇಡ, ಅಂಟಿಸಿದ ಮೇಲೆ ಪಾಲಿಸೋಕೆ ಆಗುವಂಥದ್ದು ಬೇಕು.

---

ಕಲಂಕಾರ

ಮೊದಲು ಕಾನೂನು, ಯಾಕಂದ್ರೆ ಎರಡೂ ಕಡೆಯವರು ಅದನ್ನು ಅರ್ಧ ಓದಿರ್ತಾರೆ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅದರಲ್ಲಿ ಕಲಂ 184, ಅಂದ್ರೆ ಅಪಾಯಕಾರಿ ಚಾಲನೆ, ಇದರ ಪಟ್ಟಿಗೆ 'ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆ'ಯನ್ನೂ ಸೇರಿಸಿದ್ದಾರೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1000ದಿಂದ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿದ್ರೆ 2 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ರಸ್ತೆಯಲ್ಲಿ ರಸೀದಿ ಹರಿದು ಕೊಡೋದು ರಾಜಿ ದಂಡ, ಅಂದ್ರೆ ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸೋದು. ಅದನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತೆ. ಹಾಗಾಗಿ ಜನ ಕಲಂ 184 ಅಂದ್ರೆ ಬರೀ ರಸೀದಿ ಅಂದುಕೊಂಡಿದ್ದಾರೆ.

ಬಾಡಿಗೆ ಓಡಿಸುವವರು ಹೆದರಬೇಕಾದ್ದು ದಂಡಕ್ಕಲ್ಲ, ಲೈಸೆನ್ಸಿಗೆ. ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 21ರಲ್ಲಿ ಲೈಸೆನ್ಸ್ ಅಮಾನತಿಗೆ ಕಾರಣಗಳ ಪಟ್ಟಿ ಇದೆ, ಚಾಲನೆ ವೇಳೆ ಮೊಬೈಲ್ ಬಳಕೆ ಅದರಲ್ಲಿ ಒಂದು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಇದಕ್ಕೆ ಕನಿಷ್ಠ 3 ತಿಂಗಳು ಅಮಾನತು ಮಾಡಿ ಅಂತ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಗಮನಿಸಿ, ನಿಯಮ 21ರಲ್ಲಿ 'ಕೈಯಲ್ಲಿ ಹಿಡಿಯುವ' ಅನ್ನೋ ಮಾತೇ ಇಲ್ಲ. ಬ್ಲೂಟೂತ್ ಪೂರ್ತಿ ಸುರಕ್ಷಿತ ಜಾಗ ಅಂತ ಎದೆ ತಟ್ಟಿ ಹೇಳುವವರು ಇದನ್ನೂ ಓದಲಿ.

ಮ್ಯಾಪಿಗೆ ವಿನಾಯಿತಿ ಇದೆ. 2020ರ ಅಕ್ಟೋಬರ್ 1ರಿಂದ, ಚಾಲಕನ ಗಮನ ಕೆಡದ ಹಾಗೆ, ದಾರಿ ನೋಡುವುದಕ್ಕೆ ಮಾತ್ರ ಫೋನ್ ಬಳಸಬಹುದು. ಸ್ಟ್ಯಾಂಡಿನಲ್ಲಿಟ್ಟ ಫೋನಿನಲ್ಲಿ ವಾಟ್ಸಾಪ್ ತೆರೆದ್ರೆ ಆ ವಿನಾಯಿತಿ ಅಲ್ಲಿಗೇ ಮುಗೀತು.

ಸಂಘದವರಿಗೆ ಇನ್ನೊಂದು. ಕಲಂ 188ರ ಪ್ರಕಾರ 184ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಓನರ್ ಒಂದು ಸಲ ಫೋನ್ ಮಾಡಿದ ಮಾತ್ರಕ್ಕೆ ಕುಮ್ಮಕ್ಕು ಆಗಲ್ಲ. ಆದ್ರೆ 'ಕರೆ ಎತ್ತದಿದ್ರೆ ಬಾಡಿಗೆ ಬೇರೆಯವರಿಗೆ' ಅಂತ ಸಂಘವೇ ಬರೆದಿಟ್ಟುಕೊಂಡ್ರೆ ಎದುರು ವಕೀಲರಿಗೆ ಒಳ್ಳೇ ಸಾಮಾನು.

---

ಎರಡನೇಗೇರು

ಬ್ಲೂಟೂತ್ ಪ್ರಶ್ನೆಗೆ ಬರ್ತೀನಿ. ಕೈ ಖಾಲಿ ಇದ್ರೆ ಸಾಕು ಅನ್ನೋದು ಬಯಲುಸೀಮೆ ನೇರ ರಸ್ತೆಯ ಲೆಕ್ಕ. ಅಲ್ಲೂ ಅದು ನಿಂತಿಲ್ಲ. ಟೊರೊಂಟೊದಲ್ಲಿ ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್ ಇಟ್ಟುಕೊಂಡು ಮಾಡಿದ ಅಧ್ಯಯನ 1997ರಲ್ಲಿ ಬಂತು, ಪರ್ತ್‌ನಲ್ಲಿ ಮಾಡಿದ್ದು 2005ರಲ್ಲಿ. ಎರಡರಲ್ಲೂ ಮಾತಾಡ್ತಿದ್ದಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಎರಡರಲ್ಲೂ ಹ್ಯಾಂಡ್ಸ್‌ಫ್ರೀ ಇದ್ದವರಿಗೆ ಲಾಭ ಏನೂ ಕಾಣಲಿಲ್ಲ.

ಕಾರಣ ಘಾಟಿ ಇಳಿಯುವಾಗ ಕಣ್ಣಿಗೇ ಕಾಣುತ್ತೆ. ಆಗುಂಬೆಯ 14 ಹೇರ್‌ಪಿನ್‌ನಲ್ಲಿ ಯಾವುದಾದ್ರೂ ಒಂದನ್ನು ತಗೊಳ್ಳಿ. ತಿರುವಿಗೆ ಮೊದಲೇ ಬ್ರೇಕ್ ಒತ್ತಿ ಮೂರರಿಂದ ಎರಡನೇ ಗೇರಿಗೆ ಬರಬೇಕು. ಎಡಗೈ ಗೇರಿನ ಮೇಲೆ, ಬಲಗೈ ಸ್ಟೇರಿಂಗ್ ಮೇಲೆ, ಹಾರನ್ನೂ ಬಲಗೈಯದ್ದೇ. ಕಣ್ಣು ಎದುರಿನ ರಸ್ತೆ ಮೇಲಲ್ಲ, ಕೆಳಗಿನ ಸುತ್ತಿನ ರಸ್ತೆ ಮೇಲಿರಬೇಕು. ಮರದ ಸಂದಿಯಲ್ಲಿ ಹೆಡ್‌ಲೈಟ್ ಕಂಡ್ರೆ ಇಲ್ಲೇ ತಡೆದು ನಿಲ್ಲಬೇಕು, ಹತ್ತಿ ಬರುವ ಗಾಡಿಗೆ ದಾರಿ ಬಿಡೋದು ಇಳಿಯುವವರ ಕೆಲಸ. ಕಿವಿಯೂ ಬೇಕು, ಎದುರಿನ ಹಾರನ್ ಅಲ್ಲೇ ಮೊದಲು ಗೊತ್ತಾಗೋದು. ಇಷ್ಟಕ್ಕೂ ಸಿಗೋದು ನಾಲ್ಕೈದು ಸೆಕೆಂಡ್.

ಮಾತಿನಲ್ಲಿ ಇರುವವರು ಇದರಲ್ಲಿ ಮೊದಲು ಬಿಡೋದು ಗೇರ್. ಮೂರರಲ್ಲೇ ಇಳಿಸ್ತಾರೆ, ಎಂಜಿನ್ ತಡೆಯಲ್ಲ, ಹಾಗಾಗಿ ಕಾಲು ಬ್ರೇಕಿನ ಮೇಲೇ. ಎಂಟ್ಹತ್ತು ತಿರುವು ಹೀಗೇ ಹೋದ್ರೆ ಲೈನರ್ ಸುಟ್ಟ ವಾಸನೆ ಬರುತ್ತೆ. ಆಮೇಲೆ ಪೆಡಲ್ ಗಟ್ಟಿ ಇದ್ರೂ ಗಾಡಿ ಹಿಡಿಯಲ್ಲ. ಬ್ರೇಕ್ ಆಯಿಲ್ ಹಳೇದಿದ್ರೆ ಅದೇ ಕುದ್ದು ಪೆಡಲ್ ಕೆಳಗೆ ಹೋಗುತ್ತೆ. ಆಗ 'ಬ್ರೇಕ್ ಫೇಲ್' ಅಂತ ಹೇಳ್ತಾರೆ, ಫೋನಿನ ಹೆಸರು ಬರೋದೇ ಇಲ್ಲ.

ಪಕ್ಕದ ಸೀಟಿನವರ ಜೊತೆ ಮಾತಾಡಲ್ವಾ ಅಂತ ಕೇಳ್ತಾರೆ. ಪಕ್ಕದವರಿಗೂ ತಿರುವು ಕಾಣುತ್ತೆ ಮಾರಾಯ್ರೆ, ಲಾರಿ ಎದುರಾದ್ರೆ ತಾವಾಗೇ ಬಾಯಿ ಮುಚ್ತಾರೆ. ಫೋನಿನ ಆ ಕಡೆ ಇರುವವರು ಮಂಡಿಯಲ್ಲಿ ಕೂತು 'ಎಷ್ಟು ಚೀಲ, ಎಷ್ಟು ಚೀಲ' ಅಂತಲೇ ಇರ್ತಾರೆ.

ಲೆಕ್ಕ ಬೇಕಾದವರಿಗೆ: 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 11 ಮೀಟರ್, ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದ್ರೆ 17 ಮೀಟರ್. ಆಮೇಲೆ ನಿಲ್ಲೋಕೆ ಒಣ ಡಾಂಬರಿನ ಮೇಲೆ 9 ಮೀಟರ್, ಒದ್ದೆ ರಸ್ತೆಯಲ್ಲಿ 16ರ ಹತ್ತಿರ, ಟೈರ್ ಚೆನ್ನಾಗಿದ್ರೆ. ಮಳೆಗಾಲದಲ್ಲಿ ನೆರಳಿನ ತಿರುವಿನಲ್ಲಿ ಹಾವಸೆ ಕಟ್ಟಿರುತ್ತೆ, ಅಲ್ಲಿ ಇದೂ ಸಾಲಲ್ಲ. ಒದ್ದೆ ರಸ್ತೆಯ 17 ಮತ್ತು 16, ಒಟ್ಟು 33 ಮೀಟರಿಗೆ, ಯಾರದ್ದು ಕರೆ ಅಂತ ಎರಡು ಸೆಕೆಂಡ್ ನೋಡಿದ್ದಕ್ಕೆ 22 ಮೀಟರ್ ಸೇರಿಸಿ. ಜಡಿಮಳೆ, ಮಂಜು ಸೇರಿದ ದಿನ ಘಾಟಿಯಲ್ಲಿ ಅಷ್ಟು ದೂರ ಕಾಣೋದೇ ಇಲ್ಲ.

---

ಕೈಮರ

ಮೇಲಿನ ಇಬ್ಬರದ್ದೂ ಸರಿ. ಆದ್ರೆ 'ಪೂರ್ತಿ ನಿಷೇಧ' ಅಂತ ಒಂದೇ ಸಾಲು ಬರೆದ್ರೆ ಅದು ಗೋಡೆ ಮೇಲೇ ಉಳಿಯುತ್ತೆ. ಬಾಡಿಗೆಯವರ ಅನ್ನ ಇರೋದು ಫೋನಿನಲ್ಲಿ. ಮುಂದಿನ ಲೋಡು, ವಾಪಸ್ ಬರುವಾಗಿನ ಪ್ಯಾಸೆಂಜರ್, ಎಲ್ಲ ಅದರಲ್ಲೇ ಬರೋದು. ಎತ್ತಬೇಡಿ ಅನ್ನುವವರು ಎಲ್ಲಿ ಎತ್ತಬೇಕು ಅಂತಲೂ ಹೇಳಬೇಕು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ, ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಅದು ಇರಲ್ಲ. ಕಣಿವೆಯಲ್ಲಿ ಟವರ್ ಸಿಗಲ್ಲ, ಏರು ಹತ್ತಿ ಗುಡ್ಡದ ನೆತ್ತಿಗೋ ಬಯಲಿಗೆ ತೆರೆದ ತಿರುವಿಗೋ ಬಂದಾಗ ಸಿಗುತ್ತೆ. ಅರ್ಧ ಗಂಟೆ ತಡೆದಿದ್ದ ಮೆಸೇಜು, ಮಿಸ್ಡ್ ಕಾಲ್ ಅಲರ್ಟು, ಎಲ್ಲ ಆ ಒಂದು ಜಾಗದಲ್ಲಿ ಟಿಂಗ್ ಟಿಂಗ್ ಅಂತ ಒಟ್ಟಿಗೆ ಬೀಳುತ್ತೆ. ಅಂದ್ರೆ ಎರಡೂ ಕಣ್ಣು ಬೇಕಾದ ಜಾಗದಲ್ಲೇ ಫೋನ್ ಕರೆಯೋದು. ನೋಡದೆ ಇರೋಕೆ ಮನಸ್ಸು ಕೇಳಲ್ಲ, ಮನೆಯಿಂದ ಮೂರು ಮಿಸ್ಡ್ ಕಾಲ್ ಇದ್ರಂತೂ ಕೇಳೋದೇ ಬೇಡ.

ಎರಡನೇ ತಪ್ಪು ಒಳ್ಳೆಯವರು ಮಾಡೋದು. ಓಡಿಸ್ತಾ ಮಾತಾಡಬಾರದು ಅಂತ ನಿಲ್ಲಿಸ್ತಾರೆ, ಆದ್ರೆ ನಿಲ್ಲಿಸೋದು ಟವರ್ ಸಿಕ್ಕ ತಿರುವಿನಲ್ಲೇ. ಮುಂದೆ ಹೋದ್ರೆ ಕಟ್ ಆಗುತ್ತಲ್ಲ. ಅರ್ಧ ಗಾಡಿ ಡಾಂಬರಿನ ಮೇಲೆ, ಇನ್ನರ್ಧ ಚರಂಡಿ ಅಂಚಿಗೆ. ಹಿಂದಿನಿಂದ ಬಂದ ಬಸ್ಸು ಅದನ್ನು ತಪ್ಪಿಸೋಕೆ ಎದುರು ಬದಿಗೆ ಹೋಗುತ್ತೆ. ಹೀಗೆ ನಿಲ್ಲಿಸೋದು ಮಾತಾಡ್ತಾ ಓಡಿಸಿದ್ದಕ್ಕಿಂತ ಮೇಲೇನಲ್ಲ.

ಅದಕ್ಕೆ ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತು ಮಾಡಿ. ನಿಮ್ಮ ದಾರಿಗೆ ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ ಊರೊಳಗೆ, ಘಾಟಿ ಇಳಿದ ಮೇಲೆ ಸೋಮೇಶ್ವರ, ಹೆಬ್ರಿ. ಎಲ್ಲ ಕಡೆ ಗಾಡಿ ಬದಿಗೆ ಹಾಕೋಕೆ ಜಾಗ ಇದೆ, ಚಹಾವೂ ಸಿಗುತ್ತೆ. ಹೊರಡುವಾಗ 'ಬಿಟ್ಟೆ' ಅಂತ ಒಂದು ಮೆಸೇಜ್, ಪ್ರತಿ ನಿಲುಗಡೆಯಲ್ಲಿ ಒಂದು ಕರೆ. ಆಫೀಸಿನಲ್ಲಿ ಕೂತವರ ಮುಂದೆ ಈ ಪಟ್ಟಿ ಇದ್ರೆ ಆಗುಂಬೆ ದಾಟಿ ಸೋಮೇಶ್ವರ ಬರುವ ತನಕ ಅವರೂ ಫೋನ್ ಮಾಡಲ್ಲ. ಅರ್ಧ ಕರೆ ಬರೋದೇ 'ಎಲ್ಲಿದ್ದೀಯ' ಅಂತ ಕೇಳೋಕೆ.

---

ಸಿಮ್‌ಕಡ್ಡಿ

ಫೋನಿನ ಸೆಟ್ಟಿಂಗ್ ನನ್ನ ಪಾಲಿಗೆ ಬಿಡಿ.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಫೋಕಸ್, ಡ್ರೈವಿಂಗ್. ಅಲ್ಲಿ ಕಾರಿನ ಬ್ಲೂಟೂತ್‌ಗೆ ಸೇರಿದ ಕೂಡಲೇ ತಾನಾಗಿ ಶುರುವಾಗುವ ಹಾಗೆ ಇಡಿ. ತಾನಾಗಿ ಹೋಗುವ ಉತ್ತರವನ್ನು ಕನ್ನಡದಲ್ಲೇ ಬರೆದಿಡಬಹುದು, 'ಗಾಡಿ ಓಡಿಸ್ತಿದ್ದೀನಿ, ನಿಂತ ಮೇಲೆ ಮಾಡ್ತೀನಿ' ಅಂತ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಮೋಡ್ಸ್ ಅಂಡ್ ರುಟೀನ್ಸ್, ಅದರಲ್ಲಿ ಡ್ರೈವಿಂಗ್. ಬೇರೆ ಆಂಡ್ರಾಯ್ಡ್‌ಗಳಲ್ಲಿ ಹೆಸರು ಬದಲಾಗುತ್ತೆ, ಸೆಟ್ಟಿಂಗ್ಸ್ ಹುಡುಕುವ ಜಾಗದಲ್ಲಿ 'ಡ್ರೈವಿಂಗ್' ಅಂತ ಹಾಕಿ ನೋಡಿ. ಅದೂ ಇಲ್ಲದ ಹಳೇ ಫೋನಾದ್ರೆ 'ಡು ನಾಟ್ ಡಿಸ್ಟರ್ಬ್' ಸಾಕು.

ಕೈಮರ ಹೇಳಿದ ಟಿಂಗ್ ಟಿಂಗ್‌ಗೆ ಇದಕ್ಕಿಂತ ಸುಲಭದ ಮದ್ದು ಫ್ಲೈಟ್ ಮೋಡ್. ಹಾಕಿದ್ರೆ ಮ್ಯಾಪ್ ಹೋಗುತ್ತೆ ಅಂತ ಜನ ಅಂದುಕೊಂಡಿದ್ದಾರೆ, ಹೋಗಲ್ಲ. ಜಿಪಿಎಸ್ ಉಪಗ್ರಹದಿಂದ ಬರೋದನ್ನು ಕೇಳಿಸಿಕೊಳ್ಳುತ್ತೆ ಅಷ್ಟೆ, ಅದಕ್ಕೆ ಟವರ್ ಬೇಕಿಲ್ಲ. ಬೇಕಾಗೋದು ಮೊದಲೇ ಇಳಿಸಿಟ್ಟ ನಕ್ಷೆ. ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಶಿವಮೊಗ್ಗದಿಂದ ಉಡುಪಿ ತನಕ ಚೌಕದೊಳಗೆ ಬರುವ ಹಾಗೆ ಎಳೆದು, ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿ. ದಾರಿಯನ್ನು ಶುರು ಮಾಡಿ, ನೀಲಿ ಚುಕ್ಕೆ ಸರಿಯಾದ ಜಾಗಕ್ಕೆ ಕೂತ ಮೇಲೆ ಫ್ಲೈಟ್ ಮೋಡ್ ಹಾಕಿ. ಇದರಲ್ಲಿ ಇನ್ನೊಂದು ಲಾಭ ಇದೆ. ಟವರ್ ಇಲ್ಲದ ಕಡೆ ಫೋನ್ ಹುಡುಕಿ ಹುಡುಕಿ ಬಿಸಿಯಾಗುತ್ತೆ, ಡ್ಯಾಶ್‌ಬೋರ್ಡಿನ ಬಿಸಿಲು, ಚಾರ್ಜಿಂಗ್ ಸೇರಿ ಸ್ಕ್ರೀನ್ ಮಂಕಾಗುತ್ತೆ, ಆಗ ಅದನ್ನು ಸರಿಮಾಡೋಕೆ ಕೈ ಹೋಗುತ್ತೆ. ಆ ಕಾಟ ತಪ್ಪುತ್ತೆ.

ದನಿಯನ್ನು ಕನ್ನಡಕ್ಕೆ ಇಟ್ಟುಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತೆ. 'ಎಡಕ್ಕೆ ತಿರುಗಿ' ಅಂತ ಕೇಳಿಸಿದ್ರೆ ಸ್ಕ್ರೀನ್ ನೋಡುವ ಕೆಲಸ ಕಡಿಮೆ. ಸ್ಟ್ಯಾಂಡನ್ನು ಗಾಜಿನ ನಡುವೆ ಅಂಟಿಸಬೇಡಿ, ಬಲ ತಿರುವಿನಲ್ಲಿ ಅಲ್ಲದಿದ್ರೂ ಎಡ ತಿರುವಿನಲ್ಲಿ ಎದುರಿನ ಬೈಕು ಅದರ ಹಿಂದೆ ಮರೆಯಾಗುತ್ತೆ. ಏರ್‌ಬ್ಯಾಗ್ ಮುಚ್ಚಳದ ಮೇಲೂ ಬೇಡ. ಸ್ಟೇರಿಂಗ್‌ನ ಎಡಕ್ಕೆ, ಎಸಿ ಕಿಂಡಿಯ ಎತ್ತರದಲ್ಲಿ ಸರಿ.

ಮ್ಯಾಪಿಗೆ ಗೊತ್ತಿಲ್ಲದ್ದೂ ಇದೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಇರೋದು, ಮಳೆಗಾಲದಲ್ಲಿ ಗುಡ್ಡ ಜರಿದಾಗ ಜಿಲ್ಲಾಡಳಿತ ರಸ್ತೆ ಬಂದ್ ಮಾಡೋದು, ಇದೆಲ್ಲ ಆಫ್‌ಲೈನ್ ನಕ್ಷೆಯಲ್ಲಿ ಬರಲ್ಲ. ಹೊರಡುವ ಮುಂಚೆ ತೀರ್ಥಹಳ್ಳಿಯಲ್ಲಿ ಒಂದು ಮಾತು ಕೇಳಿ.

ಬೈಕಿನವರಿಗೆ ಒಂದೇ ಮಾತು. ಫೋನನ್ನು ಹೆಲ್ಮೆಟ್ ಒಳಗೆ ಕಿವಿಗೆ ತುರುಕೋದು ಹ್ಯಾಂಡ್ಸ್‌ಫ್ರೀ ಅಲ್ಲ. ಒಳಗಿನ ಸ್ಪಂಜು ಒಂದು ಬದಿಗೆ ಸರಿದು ಹೆಲ್ಮೆಟ್ ಸಡಿಲ ಆಗುತ್ತೆ, ಬಿದ್ದಾಗ ಕೆನ್ನೆಗೆ ಮೊದಲು ಬಡಿಯೋದು ಆ ಫೋನೇ. ಮಳೆಯಲ್ಲಿ ಹ್ಯಾಂಡಲ್ ಮೇಲೆ ಇಟ್ರೂ ಕಷ್ಟ, ನೀರಿನ ಹನಿಯನ್ನೇ ಬೆರಳು ಅಂದುಕೊಂಡು ಸ್ಕ್ರೀನ್ ತಾನೇ ಒತ್ತಿಕೊಳ್ಳುತ್ತೆ.

---

ತುಂಗೆದಡ

ಎಲ್ಲರಿಗೂ ಉಪಕಾರ. ಕರಡು ಹೀಗಿದೆ, ತಪ್ಪಿದ್ರೆ ಹೇಳಿ:

'ವಾಹನ ಚಲಿಸುತ್ತಿರುವಾಗ ತುರ್ತು ಕರೆ ಹೊರತು ಮಾತು ಇಲ್ಲ, ಬ್ಲೂಟೂತ್‌ನಲ್ಲೂ ಇಲ್ಲ. ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ, ಈ ಐದು ಕಡೆ ಗಾಡಿ ಬದಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಮಾತಾಡುವುದು. ಆಗುಂಬೆ ಬಿಟ್ಟು ಸೋಮೇಶ್ವರ ಮುಟ್ಟುವ ತನಕ ಫ್ಲೈಟ್ ಮೋಡ್, ಹತ್ತುವಾಗಲೂ ಅದೇ. ಮ್ಯಾಪ್ ಹೊರಡುವ ಮುಂಚೆಯೇ ಹಾಕಿಕೊಳ್ಳುವುದು. ಈ ನಿಲುಗಡೆಗಳ ನಡುವೆ ಆಫೀಸಿನಿಂದ ಚಾಲಕನಿಗೆ ಕರೆ ಮಾಡುವಂತಿಲ್ಲ.'

---

ಕಲಂಕಾರ

'ತುರ್ತು ಕರೆ ಹೊರತು' ತೆಗೀರಿ. ಎತ್ತದೆ ತುರ್ತು ಹೌದೋ ಅಲ್ಲವೋ ಗೊತ್ತಾಗಲ್ಲ, ಹಾಗಾಗಿ ಎಲ್ಲ ಕರೆಯನ್ನೂ ಎತ್ತಬೇಕಾಗುತ್ತೆ. ಅಪಘಾತ, ಗುಡ್ಡ ಜರಿತ ಕಂಡ್ರೆ ಗಾಡಿ ನಿಲ್ಲಿಸಿ, ಫ್ಲೈಟ್ ಮೋಡ್ ತೆಗೆದು 112 ಅಥವಾ 108ಕ್ಕೆ ಮಾಡೋದು ಅಂತ ಬೇರೆ ಸಾಲು ಬರೆಯಿರಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ರೂ ಬೇರೆ ಕಂಪನಿಯ ಟವರ್ ಇದ್ರೆ 112 ಹೋಗುತ್ತೆ.

ಎರಡನೇಗೇರು

'ಇಳಿಯುವಾಗ ಎರಡನೇ ಗೇರು' ಅಂತಲೂ ಸೇರಿಸಿ. ಫೋನಿನ ನಿಯಮ ಅಲ್ಲ, ಆದ್ರೆ ಪುಟದಲ್ಲಿ ಜಾಗ ಇದೆ.

ತುಂಗೆದಡ

ಎರಡೂ ಮಾಡಿದೆ. ನಾಳೆ ಆಫೀಸಿನ ಫೋನಿನ ಪಕ್ಕ ಒಂದು ಪ್ರತಿ, ಗಾಡಿಗೊಂದು ಪ್ರತಿ.