ಹುಲ್ಲುಹಾಸನ್ನು ಕೊಯ್ಯುವುದೋ, ಕತ್ತರಿಸುವುದೋ, ಸವರುವುದೋ?

ಗೆಳೆಯರೇ, ಒಂದು ಪದದ ತೊಡಕು. ಒಂದಲ್ಲ, ಏಳೆಂಟಿವೆ. ಆದರೆ ಎಲ್ಲ ಶುರುವಾದದ್ದು ಒಂದರಿಂದಲೇ.

ಮನೆ ಸುತ್ತಲಿನ ಹುಲ್ಲುಹಾಸಿಗೆ ಬ್ಯಾಟರಿ ಯಂತ್ರವನ್ನೋ ಕರೆಂಟಿನ ಯಂತ್ರವನ್ನೋ ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಯಾವುದನ್ನು ಆರಿಸಬೇಕು, ಎಷ್ಟು ದೊಡ್ಡ ಬ್ಯಾಟರಿ ಸಾಕು, ವೈರಿರುವುದು ಒಳ್ಳೆಯದೋ ಇಲ್ಲದ್ದೋ, ಇಷ್ಟೇ. ಯಂತ್ರಗಳನ್ನು ಬಳಸಿ ಗೊತ್ತು, ಹಾಗಾಗಿ ಸಲೀಸಾಗಿ ಬರೆದುಬಿಡಬಹುದು ಅಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಲಾನ್ ಮೋವರ್‌ಗೆ ಏನನ್ನಬೇಕು?

'ಹುಲ್ಲು ಕೊಯ್ಯುವ ಯಂತ್ರ' ಎಂದು ಬರೆದೆ. ಕರಡನ್ನು ದೊಡ್ಡಮ್ಮನಿಗೆ ಓದಿ ಹೇಳಿದಾಗ, "ದನಕ್ಕೆ ಹುಲ್ಲು ಕೊಯ್ಯೋ ಮೆಷಿನ್ನಾ?" ಎಂದು ಕೇಳಿದರು. ಅಲ್ಲ ದೊಡ್ಡಮ್ಮ, ಹುಲ್ಲು ಒಂದೇ ಮಟ್ಟಕ್ಕಿರಲಿ ಅಂತ ಮೇಲಿಂದ ಕತ್ತರಿಸೋದು ಎಂದೆ. "ಹಾಗಾದ್ರೆ ಕೊಯ್ಯೋದು ಅಂತ ಯಾಕೆ ಬರೀತೀಯ? ಕೊಯ್ದದ್ದನ್ನ ಯಾರಾದ್ರೂ ಅಲ್ಲೇ ಬಿಟ್ಟು ಬರ್ತಾರಾ?"

ಆ ಮಾತು ತಲೆಯಲ್ಲೇ ಕೂತಿತು. ಹೂ ಕೊಯ್ಯುತ್ತೇವೆ, ಕಾಯಿ ಕೊಯ್ಯುತ್ತೇವೆ, ಪೈರು ಕೊಯ್ಯುತ್ತೇವೆ. ಅದರಿಂದಲೇ ಕೊಯ್ಲು. ಎಲ್ಲದರಲ್ಲೂ ಕೈಗೆ ಬಂದದ್ದು ಮುಖ್ಯ, ಗಿಡದಲ್ಲಿ ಉಳಿದದ್ದಲ್ಲ. ಕಳೆಯ ವಿಷಯದಲ್ಲಿ ನಾವು 'ಕೊಯ್ಯು' ಅನ್ನುವುದಿಲ್ಲ, 'ಕೀಳು' ಅನ್ನುತ್ತೇವೆ. ಅಲ್ಲಿ ಕಿತ್ತದ್ದೂ ಬೇಡ, ಉಳಿಯುವುದೂ ಬೇಡ. ಇನ್ನು ಬೇಲಿ ಗಿಡ ಅಡ್ಡಾದಿಡ್ಡಿ ಬೆಳೆದಾಗ ಏನು ಮಾಡುತ್ತೇವೆ? ಸವರುತ್ತೇವೆ. ಮರದ ಕೊಂಬೆ ತಂತಿಗೆ ತಾಗಿದರೂ ಸವರುತ್ತೇವೆ. ಇಲ್ಲಿ ಉಳಿಯುವುದೇ ಮುಖ್ಯ. ಬಿದ್ದದ್ದು ಕಸ.

ಅಂದರೆ ಗಿಡಮರಗಳ ಮಟ್ಟಿಗೆ ನಮ್ಮ ಕ್ರಿಯಾಪದ 'ಹೇಗೆ ಕತ್ತರಿಸಿದೆ' ಎನ್ನುವುದಕ್ಕಿಂತ 'ಯಾಕೆ ಕತ್ತರಿಸಿದೆ' ಎನ್ನುವುದನ್ನೇ ಜಾಸ್ತಿ ಹೇಳುತ್ತದೆ. ಹುಲ್ಲುಹಾಸಿನಲ್ಲಿ ನಮಗೆ ಬೇಕಾದದ್ದು ನೆಲದ ಮೇಲೆ ಉಳಿಯುವ ಹುಲ್ಲು. ಹಾಗಾಗಿ 'ಸವರು' ಸರಿಯಾದ ಪದ ಅನ್ನಿಸುತ್ತಿದೆ. ಹುಲ್ಲು ಸವರುವ ಯಂತ್ರ. ಚಿಕ್ಕದಾಗಿ, ಹುಲ್ಲುಸವರಿ.

ಇದಕ್ಕೆ ನಾನೇ ಎರಡು ಆಕ್ಷೇಪ ಎತ್ತುತ್ತೇನೆ. ಒಂದು, 'ಮರ ಕೊಯ್ಯುವುದು', 'ಕೈ ಕೊಯ್ದುಕೊಂಡೆ' ಎನ್ನುವಾಗ ಕೊಯ್ಲಿನ ಅರ್ಥ ಎಲ್ಲಿದೆ? ನಿಜ. ಅಲ್ಲಿ ಹರಿತವಾದ ಅಂಚನ್ನು ಎಳೆದು ಸೀಳುವುದಷ್ಟೇ ಅರ್ಥ. ನನ್ನ ನಿಯಮ ಬೆಳೆದು ನಿಂತ ಹುಲ್ಲು, ಹೂ, ಪೈರುಗಳಿಗೆ ಮಾತ್ರ. ಎರಡನೆಯದು ಸ್ವಲ್ಪ ಗಟ್ಟಿ ಆಕ್ಷೇಪ. 'ಸವರು' ಎಂದರೆ ಮೆಲ್ಲಗೆ ಕೈಯಾಡಿಸುವುದು, ಬಳಿಯುವುದು ಅಂತಲೂ ಇದೆ. ತಲೆ ಸವರಿದರು, ಬೆಣ್ಣೆ ಸವರಿದರು. 'ಹುಲ್ಲು ಸವರಿದೆ' ಎಂದರೆ ಯಾರೋ ಭಾವುಕರಾಗಿ ಹುಲ್ಲಿನ ಮೇಲೆ ಕೈಯಾಡಿಸಿದ ಹಾಗೆ ಕೇಳಬಹುದು! ಆದರೆ ಪಕ್ಕದಲ್ಲಿ 'ಯಂತ್ರ' ಇದ್ದರೆ ಆ ಗೊಂದಲ ಉಳಿಯುವುದಿಲ್ಲ ಅಲ್ವಾ?

'ಹುಲ್ಲು ಕತ್ತರಿಸುವ ಯಂತ್ರ' ಈಗ ಎಲ್ಲರೂ ಬರೆಯುವ ಪದ. ತಪ್ಪೇನಿಲ್ಲ. ಆದರೆ ಮೇವನ್ನು ತುಂಡು ಮಾಡುವ ಯಂತ್ರಕ್ಕೂ ಅದೇ ಹೆಸರು ಓಡುತ್ತಿದೆ. ಒಂದು ಬೆಳೆದು ನಿಂತ ಹುಲ್ಲಿನ ತುದಿ ತೆಗೆಯುತ್ತದೆ, ಇನ್ನೊಂದು ಆಗಲೇ ಕೊಯ್ದು ತಂದ ಹುಲ್ಲನ್ನು ತುಂಡರಿಸುತ್ತದೆ. ಎರಡಕ್ಕೂ ಒಂದೇ ಹೆಸರಾದರೆ ಕೊಳ್ಳುವವರ ಗತಿ ಏನು?

ಈ ಯಂತ್ರದ ಹುಟ್ಟು ಕೂಡ ನನ್ನ ಪಕ್ಷದಲ್ಲೇ ಇದೆ. ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತ 1830ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನಿಗೆ ದಾರಿ ತೋರಿಸಿದ್ದು ಕುಡುಗೋಲಲ್ಲ, ಬಟ್ಟೆ ಗಿರಣಿ. ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮ ಮಾಡಲು ಅಲ್ಲಿ ಸುತ್ತುವ ಅಲಗುಗಳ ಒಂದು ಯಂತ್ರವಿತ್ತು. ಅದನ್ನೇ ಹುಲ್ಲಿಗೆ ಹೊಂದಿಸಿದ. ಬಟ್ಟೆಯ ಮೇಲಿನ ಜುಂಗನ್ನು ಯಾರೂ 'ಕೊಯ್ಯು'ವುದಿಲ್ಲ. ಬಟ್ಟೆ ಉಳಿಯಬೇಕು, ನುಣುಪಾಗಿ ಉಳಿಯಬೇಕು. ಹುಲ್ಲನ್ನು 'ಹಾಸು' ಎಂದು ಕರೆದ ನಮ್ಮವರಿಗೂ ಅದೇ ಹೊಳೆದಿರಬೇಕು. (ಕೆಲವರು ಲಾನ್‌ಗೆ 'ಹುಲ್ಲುಗಾವಲು' ಎಂದು ಬರೆಯುತ್ತಾರೆ. ಅದು ದನ ಮೇಯುವ ಜಾಗ. ದಯವಿಟ್ಟು ಬೇಡ.)

ಈಗ ಒಳಗಿನ ಭೇದಕ್ಕೆ ಬರೋಣ. ಈ ಯಂತ್ರಗಳಲ್ಲಿ ಎರಡು ಜಾತಿ. ಬಡಿಂಗ್ ಮಾಡಿದ್ದು ಉರುಳೆಯದು. ಉರುಳೆಗೆ ಜೋಡಿಸಿದ ಅಲಗುಗಳು ಸುತ್ತುತ್ತಾ ಕೆಳಗಿನ ಒಂದು ಗಟ್ಟಿ ಅಲಗಿಗೆ ಉಜ್ಜಿಕೊಂಡು ಹೋಗುತ್ತವೆ, ಹುಲ್ಲು ಎರಡರ ನಡುವೆ ಸಿಕ್ಕಿ ತುಂಡಾಗುತ್ತದೆ. ಥೇಟ್ ಕತ್ತರಿಯ ಕೆಲಸ. ಇದಕ್ಕೆ 'ಕತ್ತರಿಸು' ಅಕ್ಷರಶಃ ಸರಿ. ಈಗ ಮನೆಗಳಲ್ಲಿ ಜಾಸ್ತಿ ಕಾಣುವುದು ಇನ್ನೊಂದು ಜಾತಿ. ಒಂದೇ ಅಲಗು ನೆಲಕ್ಕೆ ಸಮನಾಗಿ ಫ್ಯಾನಿನಂತೆ ಸುತ್ತುತ್ತದೆ. ಎದುರಿಗೆ ಇನ್ನೊಂದು ಅಲಗಿಲ್ಲ. ಬರೀ ವೇಗದ ಹೊಡೆತಕ್ಕೆ ಹುಲ್ಲು ತುಂಡಾಗಬೇಕು, ಕತ್ತಿ ಬೀಸಿದ ಹಾಗೆ. ಅದಕ್ಕೇ ಇದರ ಅಲಗು ಮೊಂಡಾದರೆ ಹುಲ್ಲು ತುಂಡಾಗುವ ಬದಲು ಹರಿಯುತ್ತದೆ, ಎರಡು ದಿನಕ್ಕೆ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಇವನ್ನು 'ಉರುಳೆ ಸವರಿ', 'ಬೀಸು ಸವರಿ' ಎಂದು ಕರೆದರೆ ಹೇಗೆ? 'ಬೀಸು ಸವರಿ' ನನಗೆ ಇಷ್ಟವಾಗಿದೆ. ದೊಡ್ಡಮ್ಮ ಮುಖ ಸಿಂಡರಿಸಿದರು.

ಒಂದು ಕಡೆ ಮಾತ್ರ ಕನ್ನಡ ತಾನಾಗೇ ಒದಗಿ ಬಂತು. ಹುಲ್ಲನ್ನು ತೀರಾ ಬುಡಕ್ಕೆ ತೆಗೆದು ಮಣ್ಣು ಕಾಣುವ ಹಾಗೆ ಮಾಡುವುದಕ್ಕೆ 'ಬೋಳಿಸು' ಎಂದು ಬರೆದೆ. ಯಾರಿಗೂ ವಿವರಿಸಬೇಕಾಗಲಿಲ್ಲ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ, ಬೋಳಿಸಬೇಡಿ. ಎಷ್ಟು ಸಲೀಸು ನೋಡಿ. 'ಕೊಚ್ಚು' ಕೂಡ ಹಾಗೇ. ಕೆಲವು ಯಂತ್ರಗಳು ತೆಗೆದ ಹುಲ್ಲನ್ನು ಒಳಗೇ ಸಣ್ಣಗೆ ಕೊಚ್ಚಿ ಅಲ್ಲೇ ಉದುರಿಸುತ್ತವೆ, ಅದು ಕೊಳೆತು ಗೊಬ್ಬರವಾಗುತ್ತದೆ. ಇದನ್ನು ಮಲ್ಚಿಂಗ್ ಅನ್ನುತ್ತಾರೆ. ಆದರೆ ತೋಟದವರು ಗಿಡದ ಬುಡಕ್ಕೆ ಸೊಪ್ಪು ಹೊದಿಸುವುದಕ್ಕೂ ಮಲ್ಚಿಂಗ್ ಅನ್ನುತ್ತಾರೆ. ಅದಕ್ಕೆ 'ಹೊದಿಕೆ' ಎಂಬ ಪದ ಇದೆ. ಇದಕ್ಕೆ 'ಕೊಚ್ಚಿ ಉದುರಿಸುವುದು' ಸಾಕು. ಒಂದೇ ಪದವಾಗಲಿ ಎಂದು ಒದ್ದಾಡುವುದು ಬೇಡ.

ಅಂಚಿನ ಹುಲ್ಲು ತೆಗೆಯುವ, ತುದಿಯಲ್ಲಿ ನೈಲಾನ್ ಎಳೆ ಗಿರಗಿರ ಸುತ್ತುವ ಉದ್ದ ಕೋಲಿನ ಯಂತ್ರ ಇದೆಯಲ್ಲ, ಅದಕ್ಕೆ 'ದಾರದ ಕಟ್ಟರ್' ಎಂದು ಬರೆದಿದ್ದೇನೆ. ತರಗೆಲೆ ಊದುವ ಯಂತ್ರಕ್ಕೆ 'ಎಲೆ ಊದುಕ' ಎಂದು ಒಂದು ಕಡೆ ನೋಡಿದೆ. 'ತರಗೆಲೆ' ಎಂಬಷ್ಟು ಚೆನ್ನಾದ ಪದ ಇರುವಾಗ ಬರೀ 'ಎಲೆ' ಯಾಕೆ?

ಇನ್ನು ಬ್ಯಾಟರಿ. ಇಲ್ಲಿ ಪದದ ತಪ್ಪು ಜೇಬಿಗೆ ಕತ್ತರಿ ಹಾಕುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಎನರ್ಜಿಗೆ 'ಶಕ್ತಿ', ಪವರ್‌ಗೆ 'ಸಾಮರ್ಥ್ಯ'. ಆದರೆ ಬ್ಯಾಟರಿಯ ಕೆಪಾಸಿಟಿಗೂ ನಾವು 'ಸಾಮರ್ಥ್ಯ' ಅಂತಲೇ ಬರೆಯುತ್ತೇವೆ. ಕೆಪಾಸಿಟಿ ಎಂದರೆ ಅದರೊಳಗೆ ಎಷ್ಟು ಶಕ್ತಿ ತುಂಬಬಹುದು ಎಂಬ ಲೆಕ್ಕ, ಅಳತೆ ವ್ಯಾಟ್-ಅವರ್. ಪವರ್ ಎಂದರೆ ಮೋಟಾರು ಅದನ್ನು ಎಷ್ಟು ಬೇಗ ಖರ್ಚು ಮಾಡುತ್ತದೆ ಎಂಬ ಲೆಕ್ಕ, ಅಳತೆ ವ್ಯಾಟ್. ಎರಡೂ ಒಂದೇ ಪದವಾದರೆ 'ಜಾಸ್ತಿ ಸಾಮರ್ಥ್ಯದ ಯಂತ್ರ ಕೊಳ್ಳಿ' ಎಂಬ ಸಲಹೆಗೆ ಅರ್ಥವೇ ಇಲ್ಲ. 180 ವ್ಯಾಟ್-ಅವರ್ ಬ್ಯಾಟರಿ ಹಾಕಿ, ಸರಾಸರಿ 600 ವ್ಯಾಟ್ ಎಳೆಯುವ ಮೋಟಾರು ಓಡಿಸಿದರೆ ಸುಮಾರು 18 ನಿಮಿಷಕ್ಕೆ ಖಾಲಿ. ಮೊದಲನೆಯದು ಜಾಸ್ತಿಯಾದರೆ ಹೊತ್ತು ಹೆಚ್ಚುತ್ತದೆ. ಎರಡನೆಯದು ಜಾಸ್ತಿಯಾದರೆ ಹೊತ್ತು ಇಳಿಯುತ್ತದೆ. ನಾನು ಹೀಗೆ ಮಾಡಿದ್ದೇನೆ: ಮೋಟಾರಿಗೆ 'ಪವರ್' ಎಂದೇ ಉಳಿಸಿಕೊಂಡೆ. ಬ್ಯಾಟರಿಗೆ ನಾಮಪದವನ್ನೇ ಬಿಟ್ಟು, 'ಈ ಬ್ಯಾಟರಿ 180 ವ್ಯಾಟ್-ಅವರ್ ಹಿಡಿಯುತ್ತದೆ' ಎಂದೆ. ಪಾತ್ರೆ ಎಷ್ಟು ಹಿಡಿಯುತ್ತದೆ ಅನ್ನುವುದಿಲ್ಲವೇ, ಹಾಗೆ.

ವ್ಯಾಟ್-ಅವರ್ ಅನ್ನು 'ಪ್ರತಿ ಗಂಟೆಗೆ ಇಷ್ಟು ವ್ಯಾಟ್' ಎಂದು ಅನುವಾದಿಸಿದ್ದನ್ನೂ ಕಂಡಿದ್ದೇನೆ. ಅದು ಭಾಗಾಕಾರ ಆಯಿತು, ನಿಜದಲ್ಲಿ ಇರುವುದು ಗುಣಾಕಾರ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 18 ವೋಲ್ಟ್, 5 ಆಂಪಿಯರ್-ಅವರ್ ಇದ್ದರೂ 90. 36 ವೋಲ್ಟ್, 2.5 ಆಂಪಿಯರ್-ಅವರ್ ಇದ್ದರೂ 90. ವೋಲ್ಟ್ ಇಮ್ಮಡಿ ಎಂದು ಬ್ಯಾಟರಿ ಇಮ್ಮಡಿ ಹಿಡಿಯುತ್ತದೆ ಅಂದುಕೊಳ್ಳುವುದು ಸುಮ್ನೆ.

ಹಾಗೇ 'ಗರಿಷ್ಠ' ಎಂಬ ಪದವನ್ನು ಅನುವಾದದಲ್ಲಿ ನುಂಗಬೇಡಿ. ಲಿಥಿಯಂ-ಅಯಾನ್ ಬ್ಯಾಟರಿಯ ಒಂದೊಂದು ಸೆಲ್ ಸಾಮಾನ್ಯವಾಗಿ 3.6 ವೋಲ್ಟ್, ಪೂರ್ತಿ ತುಂಬಿದಾಗ ನಾಲ್ಕಕ್ಕಿಂತ ತುಸು ಮೇಲೆ. ಐದು ಸೆಲ್ ಸೇರಿಸಿದರೆ ಒಬ್ಬರು '18 ವೋಲ್ಟ್' ಅನ್ನುತ್ತಾರೆ, ಇನ್ನೊಬ್ಬರು 'ಗರಿಷ್ಠ 20 ವೋಲ್ಟ್' ಅನ್ನುತ್ತಾರೆ. ಸರಕು ಒಂದೇ. 36 ಮತ್ತು 40ರ ಕಥೆಯೂ ಇದೇ. ಕನ್ನಡದಲ್ಲಿ 'ಗರಿಷ್ಠ' ಬಿಟ್ಟುಹೋದರೆ 20 ಎನ್ನುವುದು 18ಕ್ಕಿಂತ ಮೇಲು ಎಂದೇ ಓದುಗರು ತಿಳಿಯುತ್ತಾರೆ.

'ಬಾಳಿಕೆ' ಇನ್ನೊಂದು ಗುಂಡಿ. ಬ್ಯಾಟರಿ ಲೈಫ್ ಎಂದು ಕಂಡಲ್ಲೆಲ್ಲ 'ಬ್ಯಾಟರಿ ಬಾಳಿಕೆ' ಎಂದು ಹಾಕಿದ್ದೆ. '40 ನಿಮಿಷ ಬಾಳಿಕೆ' ಎಂದು ಓದಿ ದೊಡ್ಡಮ್ಮ, "ಅಷ್ಟಕ್ಕೇ ಸತ್ತು ಹೋಗತ್ತಾ ಪಾಪ?" ಎಂದರು. ಬಾಳಿಕೆ ವರ್ಷಗಳ ಮಾತು. ನಿಮಿಷಗಳ ಮಾತಿಗೆ ಈಗ 'ಒಂದು ಚಾರ್ಜಿಗೆ ಓಡುವ ಹೊತ್ತು' ಎಂದು ತಿದ್ದಿದ್ದೇನೆ.

ವೈರಿನ ಪ್ರಶ್ನೆ. ಬ್ಯಾಟರಿಯದೂ ವಿದ್ಯುತ್ತಿನದೇ, ಗೋಡೆಯ ಪ್ಲಗ್ಗಿನದೂ ವಿದ್ಯುತ್ತಿನದೇ. 'ವಿದ್ಯುತ್ ಚಾಲಿತ' ಎಂದರೆ ಯಾವುದು? ಇಲ್ಲಿ ಆಡುಮಾತು ಜಾಣತನ ತೋರುತ್ತದೆ. 'ಕರೆಂಟಿನದು' ಎಂದರೆ ಪ್ಲಗ್ ಚುಚ್ಚುವುದು, 'ಬ್ಯಾಟರಿಯದು' ಎಂದರೆ ಚಾರ್ಜ್ ಮಾಡುವುದು. ಯಾರೂ ತಪ್ಪು ತಿಳಿಯುವುದಿಲ್ಲ. ಕಾರ್ಡ್‌ಲೆಸ್ಸನ್ನು 'ನಿಸ್ತಂತು' ಎಂದು ಬರೆದರೆ ಮಾತ್ರ ರೇಡಿಯೋ ಅಲೆಯಲ್ಲಿ ಓಡುವ ಯಂತ್ರವಾಗಿಬಿಡುತ್ತದೆ! ಕರೆಂಟಿನದಕ್ಕೆ ಉದ್ದ ವೈರು ಬೇಕು. ಉದ್ದ ಹೆಚ್ಚಿದಷ್ಟೂ ವೈರು ದಪ್ಪ ಇರಬೇಕು, ಇಲ್ಲದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ವೈರು ಬಿಸಿಯಾಗುತ್ತದೆ. ಇದನ್ನು 'ಹೆಚ್ಚಿನ ಗೇಜ್ ಬಳಸಿ' ಎಂದು ಬರೆದರೆ ಕೆಟ್ಟಿತು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. 12 ಗೇಜ್ ದಪ್ಪ, 16 ಗೇಜ್ ಸಣ್ಣ. 'ದಪ್ಪ ವೈರು' ಎಂದರೆ ಮುಗಿಯಿತು.

'ಸ್ವಯಂಚಾಲಿತ' ನನಗೆ ಬಹಳ ತಲೆ ತಿಂದ ಪದ. ಕೆಲವು ಯಂತ್ರಗಳ ಚಕ್ರಕ್ಕೂ ಮೋಟಾರು ಇರುತ್ತದೆ. ನಾವು ತಳ್ಳಬೇಕಿಲ್ಲ, ಹಿಡಿದು ಹಿಂದೆ ನಡೆದರೆ ಸಾಕು. ಇಳಿಜಾರಿದ್ದರೆ ಇದು ಬೇಕೇ ಬೇಕು. ಇದಕ್ಕೆ 'ಸ್ವಯಂಚಾಲಿತ' ಎಂದರೆ, ಕುರ್ಚಿ ಹಾಕಿ ಕೂತು ನೋಡುವ ರೋಬೋಟ್ ಎಂದು ಜನ ತಿಳಿಯುತ್ತಾರೆ. 'ತಾನೇ ಉರುಳುವ' ಎಂದು ಹಾಕಿದ್ದೇನೆ. ತಳ್ಳುವುದು, ತಾನೇ ಉರುಳುವುದು, ರೋಬೋಟ್. ಮೂರೂ ಬೇರೆ ಬೇರೆ ಎಂದು ಹೆಸರಿನಲ್ಲೇ ಗೊತ್ತಾಗುತ್ತದೆ.

ಬ್ರಷ್‌ಲೆಸ್ ಮೋಟಾರನ್ನು 'ಕುಂಚರಹಿತ' ಎಂದವರನ್ನು ದೇವರು ಕಾಪಾಡಲಿ. ಮೋಟಾರಿನ ಬ್ರಷ್ ಎಂದರೆ ಸುತ್ತುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ದಾಟಿಸುವ ಇಂಗಾಲದ ತುಂಡು. ಸವೆಯುವುದು ಅದೇ. ಅದಿಲ್ಲದ್ದು ಜಾಸ್ತಿ ಬಾಳುತ್ತದೆ, ಅಷ್ಟೇ ಬ್ಯಾಟರಿಯಲ್ಲಿ ಜಾಸ್ತಿ ಹೊತ್ತು ಓಡುತ್ತದೆ. ಇದನ್ನು 'ಬ್ರಷ್ ಇಲ್ಲದ ಮೋಟಾರು' ಎಂದೇ ಬರೆಯುತ್ತೇನೆ.

'ಬೇರ್ ಟೂಲ್' ಎಂಬುದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಅಗ್ಗಕ್ಕೆ ಸಿಕ್ಕಿತೆಂದು ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಬ್ಯಾಟರಿಯೂ ಇಲ್ಲ, ಚಾರ್ಜರೂ ಇಲ್ಲ. ತಪ್ಪು ಮಾರಿದವರದಲ್ಲ, ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ. ಒಂದೇ ಕಂಪನಿಯ ಒಂದೇ ಬಳಗದ ಯಂತ್ರಗಳಿಗೆ ಒಂದೇ ಬ್ಯಾಟರಿ ಕೂರುತ್ತದೆ. ಆಗಲೇ ಬ್ಯಾಟರಿ ಇದ್ದವರಿಗೆಂದು ಯಂತ್ರವನ್ನಷ್ಟೇ ಮಾರುತ್ತಾರೆ. 'ಬರೀ ಯಂತ್ರ' ಎಂದು ಬರೆದು, ಮುಂದೆ 'ಬ್ಯಾಟರಿ ಇಲ್ಲ' ಎಂದೂ ಸೇರಿಸಿದ್ದೇನೆ.

ಕೊನೆಗೆ ಒಂದು ಎಚ್ಚರಿಕೆಯ ಸಾಲು: ಅಲಗು ಮುಟ್ಟುವ ಮೊದಲು ಬ್ಯಾಟರಿ ಹೊರಗೆ ತೆಗೆಯಿರಿ ಎಂಬುದು. 'ತೆಗೆದುಹಾಕಿ' ಎಂದರೆ ಬಿಸಾಡಿ ಎಂದ ಹಾಗಾಗುತ್ತದೆ. 'ಬಿಚ್ಚಿ' ಎಂದರೆ ಬ್ಯಾಟರಿಯನ್ನೇ ಒಡೆದು ನೋಡುವವರಿದ್ದಾರೆ. 'ಕಳಚಿ' ಎಂದಿದ್ದೇನೆ. ಕಳಚಿದ್ದನ್ನು ಮತ್ತೆ ಸೇರಿಸಬಹುದು.

ಈಗ ನಿಮ್ಮನ್ನು ಕೇಳುವುದು ಇಷ್ಟು. 'ಹುಲ್ಲು ಸವರು' ಎಂದರೆ ನಿಮ್ಮ ಕಿವಿಗೆ ಕತ್ತರಿ ಕೇಳುತ್ತದೋ, ಬೆಣ್ಣೆ ಕೇಳುತ್ತದೋ? ನೆಲಕ್ಕೆ ಸಮನಾಗಿ ಹುಲ್ಲು ತೆಗೆಯುವುದಕ್ಕೆ 'ಹೆರೆ' ಎಂದು ಹೇಳುವವರೂ ಇದ್ದಾರೆ. ಹೆರೆದ ಮೇಲೆ ಹುಲ್ಲು ಉಳಿಯುತ್ತದೋ, ಬರೀ ನೆಲ ಉಳಿಯುತ್ತದೋ? ಆ ಪದ ಬಳಸುವವರು ದಯವಿಟ್ಟು ಹೇಳಿ. ಹುಲ್ಲು ಉಳಿಯುತ್ತದೆ ಎಂದಾದರೆ 'ಸವರು' ಬಿಟ್ಟು ಅದಕ್ಕೇ ಬದಲಾಯಿಸಲು ನಾನು ಸಿದ್ಧ. ಅಲ್ಲಿಯವರೆಗೆ ಕರಡಿನಲ್ಲಿ 'ಹುಲ್ಲುಸವರಿ' ಪೆನ್ಸಿಲ್ಲಿನಲ್ಲಿದೆ.